ಒಡೆಯನಿಲ್ಲದ ದನ, ಒಡೆಯನಿರುವ ಹೊಲ

ಕೇಳುಗರೇ, ಸಾಕಿದವರು ಕೈಬಿಟ್ಟ ದನವು ಬೇರೊಬ್ಬರ ಹೊಲದಲ್ಲೋ ತೋಟದಲ್ಲೋ ಬಂದು ಬೀಡುಬಿಟ್ಟಾಗ ಆ ಜಮೀನಿನ ಒಡೆಯನಿಗಿರುವ ಹಕ್ಕೇನು, ಅವನ ಮೇಲೆ ಬೀಳುವ ಹೊಣೆಯೇನು, ಮತ್ತು ಆ ಹೊಣೆ ಅವನೊಬ್ಬನದಾಗಿಯೇ ಉಳಿಯುವುದು ನ್ಯಾಯವೇ ಎಂಬುದು ಈ ಭಾಷಣದ ವಿಷಯ. ನಗರದ ಬೀದಿಗಳಲ್ಲಿ ಅಲೆಯುವ ದನಗಳ ಬಗ್ಗೆ ಪತ್ರಿಕೆಗಳು ಆಗಾಗ ಬರೆಯುತ್ತವೆ. ಹೆದ್ದಾರಿಯಲ್ಲಿ ಮಲಗಿದ ದನಕ್ಕೆ ವಾಹನ ಬಡಿದರೆ ಅದು ಸುದ್ದಿಯಾಗುತ್ತದೆ. ಆದರೆ ಕತ್ತಲಲ್ಲಿ ಗೂಡ್ಸ್ ಗಾಡಿಯಿಂದ ಊರಾಚೆ ಇಳಿಸಿಹೋದ ಮುದಿ ಎತ್ತಾಗಲಿ, ಗಬ್ಬ ನಿಲ್ಲದ ಹಸುವಾಗಲಿ, ಹೈನಿನ ಮನೆಗೆ ಬೇಡವಾದ ಹೋರಿಗರುವಾಗಲಿ ತೊಗರಿಯ ಸಾಲಿನಲ್ಲೋ ಅಡಿಕೆ ಸಸಿಗಳ ನಡುವೆಯೋ ನಿಂತಾಗ, ಅದು ಯಾವ ಸುದ್ದಿಯೂ ಆಗದೆ ಆ ಒಬ್ಬ ರೈತನ ಖಾಸಗಿ ಕಷ್ಟವಾಗಿ ಉಳಿದುಬಿಡುತ್ತದೆ.

ಮೊದಲು ಒಂದು ವಿಂಗಡಣೆ ಬೇಕು. ಜನರ ಮಾತಿನಲ್ಲಿ ಬೀದಿಯಲ್ಲಿ ಕಂಡ ದನವೆಲ್ಲವೂ ‘ಬಿಡಾಡಿ ದನ’ವೇ. ಆದರೆ ಬೆಳಿಗ್ಗೆ ಹಾಲು ಕರೆದು, ಹಗ್ಗ ಬಿಚ್ಚಿ ಅಟ್ಟಿ, ಸಂಜೆ ಮತ್ತೆ ಕೊಟ್ಟಿಗೆಗೆ ಕೂಡಿಕೊಳ್ಳುವ ಮನೆಯ ದನ ಒಂದು ಬಗೆಯಾದರೆ, ಮರಳಿ ಬಾರದಿರಲೆಂದೇ ದೂರದ ಊರಿನ ಎಲ್ಲೆಯಲ್ಲಿ ಬಿಟ್ಟುಹೋದ ದನ ಇನ್ನೊಂದು ಬಗೆ. ಮೊದಲನೆಯದಕ್ಕೆ ಒಡೆಯನಿದ್ದಾನೆ, ಅವನು ತನ್ನ ಮೇವಿನ ಖರ್ಚನ್ನು ನೆರೆಯವರ ಮೇಲೆ ಹೊರಿಸುತ್ತಿದ್ದಾನೆ, ಅಷ್ಟೆ. ಎರಡನೆಯದಕ್ಕೆ ಒಡೆಯ ಇದ್ದೂ ಇಲ್ಲ. ದನದ ಅತಿಕ್ರಮವನ್ನು ಕುರಿತ ಹಳೆಯ ಹೊಸ ಕಾನೂನುಗಳೆಲ್ಲವೂ ಮುಖ್ಯವಾಗಿ ಮೊದಲನೆಯ ಬಗೆಯನ್ನು ಕಣ್ಣಮುಂದಿಟ್ಟುಕೊಂಡು ರಚಿತವಾದವು ಎಂಬುದೇ ಈ ಸಮಸ್ಯೆಯ ಗಂಟು, ಮತ್ತು ಮುಂದಿನ ಮಾತೆಲ್ಲವೂ ಆ ಗಂಟನ್ನು ಬಿಡಿಸುವ ಪ್ರಯತ್ನ.

ಸಮಸ್ಯೆಯ ಗಾತ್ರ ಸಣ್ಣದಲ್ಲ. 2019ರ ಜಾನುವಾರು ಗಣತಿಯು ದೇಶದಲ್ಲಿ ಸುಮಾರು 50 ಲಕ್ಷ ಬಿಡಾಡಿ ದನಗಳನ್ನು ಲೆಕ್ಕಹಾಕಿತು. ಅದೇ ಗಣತಿಯಲ್ಲಿ ಒಟ್ಟು ದನಗಳ ಸಂಖ್ಯೆ, ಎಮ್ಮೆಗಳನ್ನು ಬಿಟ್ಟು, ಸುಮಾರು 19 ಕೋಟಿ. ಅಂದರೆ ಕೊಟ್ಟಿಗೆಯ ನಲವತ್ತು ದನಗಳಿಗೆ ಸರಿಸುಮಾರು ಒಂದು ದನ ಬೀದಿಯಲ್ಲಿದೆ. ಈ 50 ಲಕ್ಷದಲ್ಲಿ ಅರ್ಧದಷ್ಟು ರಾಜಸ್ಥಾನ ಮತ್ತು ಉತ್ತರಪ್ರದೇಶ ಎಂಬ ಎರಡೇ ರಾಜ್ಯಗಳಲ್ಲಿವೆ. ಕರ್ನಾಟಕದ ಪಾಲು ಅಷ್ಟು ದೊಡ್ಡದಲ್ಲದಿದ್ದರೂ ಕಾರಣಗಳು ಮಾತ್ರ ಎಲ್ಲೆಡೆ ಒಂದೇ.

ಆ ಕಾರಣಗಳೇನು? ಎತ್ತಿನ ಜಾಗಕ್ಕೆ ಟ್ರ್ಯಾಕ್ಟರು ಟಿಲ್ಲರುಗಳು ಬಂದವು. ಹೀಗಾಗಿ ಗಂಡು ಕರು ಬೆಳೆದು ಉಳುಮೆಗೆ ನಿಲ್ಲುತ್ತದೆ ಎಂಬ ಲೆಕ್ಕ ಕೆಟ್ಟಿತು. ಹಾಲಿಗಾಗಿ ತಂದ ಮಿಶ್ರತಳಿಗಳಲ್ಲಿ ಹೆಣ್ಣು ಕರುವಿಗಷ್ಟೇ ಬೆಲೆ. ಬಿಸಿಲನ್ನೂ ನೊಗವನ್ನೂ ತಾಳಲಾರದ ಹೋರಿಗರುವನ್ನು ಕಟ್ಟಿ ಮೇಯಿಸುವುದು ಹೈನುಗಾರನಿಗೆ ಬರಿಯ ನಷ್ಟ. ಊರ ಗೋಮಾಳ, ಎಂದರೆ ಊರಿನ ದನಗಳ ಉಚಿತ ಮೇವಿಗಾಗಿ ಸರ್ಕಾರ ಮೀಸಲಿಟ್ಟ ಹುಲ್ಲುಗಾವಲು, ಎಲ್ಲ ಕಡೆಯೂ ಕರಗಿದೆ. ನೂರು ದನಗಳಿಗೆ ಸುಮಾರು 30 ಎಕರೆ ಗೋಮಾಳವಿರಬೇಕೆಂಬುದು ಕರ್ನಾಟಕ ಭೂಕಂದಾಯ ನಿಯಮಗಳ ಅಳತೆ. ನಿವೇಶನ, ಕಟ್ಟಡ, ಒತ್ತುವರಿ, ಸಕ್ರಮೀಕರಣ ಇವೆಲ್ಲ ಕಳೆದ ಮೇಲೆ ಆ ಅಳತೆ ಉಳಿದಿರುವ ಊರನ್ನು ಹುಡುಕಬೇಕಾಗುತ್ತದೆ.

ಇದರ ಮೇಲೆ ಮಾರುಕಟ್ಟೆಯ ಬದಲಾವಣೆ ಬಂತು. ಮೈಸೂರು ರಾಜ್ಯದ 1964ರ ಕಾಯ್ದೆಯು ಹಸು ಮತ್ತು ಕರುಗಳ ವಧೆಯನ್ನು ನಿಷೇಧಿಸಿ, 12 ವರ್ಷ ಮೀರಿದ ಎತ್ತು, ಹೋರಿ, ಎಮ್ಮೆ, ಕೋಣಗಳಿಗೆ ಪ್ರಮಾಣಪತ್ರದ ಮೇಲೆ ಅವಕಾಶ ಇಟ್ಟಿತ್ತು. ಅದರ ಬದಲಿಗೆ 2021ರ ಜನವರಿಯಿಂದ ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ 13 ವರ್ಷ ಮೀರಿದ ಎಮ್ಮೆ ಕೋಣಗಳನ್ನು ಬಿಟ್ಟು ಉಳಿದ ಎಲ್ಲ ದನಗಳ ವಧೆಯೂ, ಅದಕ್ಕಾಗಿ ಮಾರುವುದೂ ಅಪರಾಧ. ಆ ಕಾಯ್ದೆಯ ಸರಿತಪ್ಪು ಇಲ್ಲಿನ ವಿಷಯವಲ್ಲ. ಆದರೆ ಮುದಿ ಎತ್ತನ್ನು ಸಂತೆಗೆ ಹೊಡೆದುಕೊಂಡು ಹೋಗಿ, ಬಂದ ಹಣಕ್ಕೆ ಇನ್ನಷ್ಟು ಸೇರಿಸಿ ಹೊಸ ಜೊತೆ ತರುವ ಪದ್ಧತಿ ನಿಂತುಹೋದಾಗ, ಆ ಮುದಿ ಎತ್ತಿನ ಉಳಿದ ಆಯುಷ್ಯದ ಖರ್ಚನ್ನು ಯಾರು ಹೊರಬೇಕು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಅದಕ್ಕೆ ಉತ್ತರ ಸಿಗದ ಕಡೆ ಆ ಖರ್ಚು ಪಕ್ಕದ ಊರಿನ ಬೆಳೆಯ ಮೇಲೆ ಬೀಳುತ್ತದೆ.

ಆ ಖರ್ಚು ಎಷ್ಟೆಂದು ಅಂದಾಜು ಮಾಡುವುದು ಕಷ್ಟವಲ್ಲ. ಸುಮಾರು 300 ಕಿಲೋ ತೂಗುವ ಹಸುವಿಗೆ ದಿನಕ್ಕೆ ಆರೇಳು ಕಿಲೋ ಒಣಮೇವಿನಷ್ಟು ಆಹಾರ ಬೇಕು, ಮೂವತ್ತು ನಲವತ್ತು ಲೀಟರು ನೀರು ಬೇಕು. ಉತ್ತರಪ್ರದೇಶ ಸರ್ಕಾರ ತನ್ನ ಆಶ್ರಯತಾಣಗಳಿಗೆ ದನವೊಂದಕ್ಕೆ ದಿನಕ್ಕೆ 30 ರೂಪಾಯಿ ಕೊಡುತ್ತಿದ್ದುದನ್ನು 2023ರಲ್ಲಿ 50 ರೂಪಾಯಿಗೆ ಏರಿಸಿತು. ಕರ್ನಾಟಕದಲ್ಲಿ 2022ರಲ್ಲಿ ಆರಂಭವಾದ ‘ಪುಣ್ಯಕೋಟಿ ದತ್ತು ಯೋಜನೆ’ಯು ಗೋಶಾಲೆಯ ಒಂದು ಹಸುವನ್ನು ದತ್ತು ಪಡೆಯುವ ದಾನಿಯಿಂದ ವರ್ಷಕ್ಕೆ 11,000 ರೂಪಾಯಿ ಕೇಳಿತು, ಎಂದರೆ ದಿನಕ್ಕೆ 30 ರೂಪಾಯಿ. ಈ ಮೊತ್ತಗಳು ಸಾಲುವುದಿಲ್ಲವೆಂದು ದನ ಕಟ್ಟಿದವರೆಲ್ಲ ಹೇಳುತ್ತಾರೆ. ಹಾಗಿದ್ದರೂ ದುಡಿಯದ ಒಂದು ದನವನ್ನು ಎಂಟು ಹತ್ತು ವರ್ಷ ಸಾಕುವುದೆಂದರೆ ಲಕ್ಷದ ಮೇಲಿನ ಮಾತು ಎಂಬುದು ಇದರಿಂದ ತಿಳಿಯುತ್ತದೆ.

ಇಷ್ಟರಲ್ಲಿ ಎರಡು ಸಂಗತಿಗಳು ಸ್ಪಷ್ಟವಾದವು. ಬಿಟ್ಟುಹೋದ ದನವು ಅಡ್ಡಾಡಲು ಬಿಟ್ಟ ದನಕ್ಕಿಂತ ಬೇರೆ. ಮತ್ತು ಅದನ್ನು ಬಿಟ್ಟುಹೋಗಲು ಕಾರಣ ಅದರ ಬೆಲೆ ಅದರ ಮೇವಿಗಿಂತ ಕೆಳಗಿಳಿದಿರುವುದು. ಈ ಎರಡನ್ನು ನೆನಪಿನಲ್ಲಿಟ್ಟುಕೊಂಡು ಕಾನೂನಿನ ಕಡೆಗೆ ತಿರುಗಬಹುದು.

ಈ ವಿಷಯದಲ್ಲಿ ಕನ್ನಡನಾಡಿಗೆ ಬಹಳ ಹಳೆಯ ನಂಟಿದೆ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ, ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ಹಿಂದೂ ದಾಯಭಾಗದ, ಎಂದರೆ ಆಸ್ತಿ ಹಂಚಿಕೆಯ, ಆಧಾರಗ್ರಂಥವೆಂದು ಅದು ಪ್ರಸಿದ್ಧ. ಅದರಲ್ಲಿ ‘ಸ್ವಾಮಿಪಾಲವಿವಾದ’ ಎಂಬ ಪ್ರಕರಣವೂ ಇದೆಯೆಂಬುದು ಅಷ್ಟು ಪ್ರಸಿದ್ಧವಲ್ಲ. ಸ್ವಾಮಿ ಎಂದರೆ ದನದ ಒಡೆಯ, ಪಾಲ ಎಂದರೆ ದನಕಾಯುವವನು. ಇವರಿಬ್ಬರ ನಡುವಿನ, ಮತ್ತು ಇವರಿಗೂ ಹೊಲದವನಿಗೂ ನಡುವಿನ ವ್ಯಾಜ್ಯಗಳನ್ನು ತೀರ್ಮಾನಿಸುವ ಭಾಗ ಅದು. ಅಲ್ಲಿನ ನಿಯಮಗಳು ಇಂದಿಗೂ ಕುತೂಹಲ ಹುಟ್ಟಿಸುವಂಥವು. ಬೆಳೆ ಹಾಳುಮಾಡಿದ ಎಮ್ಮೆಗೆ ಎಂಟು ಮಾಷ ದಂಡ. ಮಾಷವೆಂದರೆ ಅಂದಿನ ಒಂದು ಸಣ್ಣ ನಾಣ್ಯ. ಹಸುವಿಗೆ ಅದರ ಅರ್ಧ, ಕುರಿ ಮೇಕೆಗಳಿಗೆ ಅದರ ಅರ್ಧ. ಮೇಯ್ದು ಅಲ್ಲಿಯೇ ಮಲಗಿದ್ದರೆ ದಂಡ ಇಮ್ಮಡಿ. ದಾರಿಯ ಪಕ್ಕದ, ಊರಂಚಿನ, ಹುಲ್ಲುಗಾವಲಿನ ಬದಿಯ ಹೊಲಕ್ಕೆ ದನ ತಿಳಿಯದೆ ನುಗ್ಗಿದರೆ ದೋಷವಿಲ್ಲ. ದಂಡವಲ್ಲದೆ, ಹಾಳಾದಷ್ಟು ಬೆಳೆಯ ಬೆಲೆ ಹೊಲದವನಿಗೆ ಸಲ್ಲಬೇಕು.

ಆದರೆ ಅದೇ ಪ್ರಕರಣದಲ್ಲಿ ಒಂದು ವಿನಾಯಿತಿಯೂ ಇದೆ. ದೇವರ ಹೆಸರಿನಲ್ಲಿ ಬಿಟ್ಟ ಗೂಳಿ, ಕರು ಹಾಕಿದ ಹೊಸದರ ಹಸು, ಬೇರೆ ಊರಿನಿಂದ ದಾರಿತಪ್ಪಿ ಬಂದ ದನ, ಇಂಥವುಗಳನ್ನು ದಂಡವಿಲ್ಲದೆ ಬಿಟ್ಟುಬಿಡಬೇಕು. ಕರ್ನಾಟಕದ ಹಳ್ಳಿಗಳಲ್ಲಿ ‘ದೇವರ ಬಸವ’ ಯಾವ ಹೊಲಕ್ಕೆ ನುಗ್ಗಿದರೂ ಯಾರೂ ಕೈಯೆತ್ತದ ವಾಡಿಕೆ ಈ ವಿನಾಯಿತಿಯ ಮುಂದುವರಿಕೆಯೇ. ಬ್ರಿಟಿಷರ ಕಾಲದ ನ್ಯಾಯಾಲಯಗಳಿಗೂ ಈ ಬಸವ ತಲೆನೋವಾಗಿತ್ತು. ಧರ್ಮಾಚರಣೆಯಂತೆ ಬಿಟ್ಟ ಗೂಳಿ ಯಾರ ಸ್ವತ್ತೂ ಅಲ್ಲವಾದ್ದರಿಂದ ಅದನ್ನು ಹಿಡಿದೊಯ್ದವನ ಮೇಲೆ ಕಳವಿನ ಆರೋಪ ನಿಲ್ಲದೆಂದು ಅಲಹಾಬಾದ್ ಹೈಕೋರ್ಟು 1880ರ ದಶಕದಲ್ಲಿ ತೀರ್ಪಿತ್ತಿತು. ಊರಿಗೊಂದು ಬಸವನಿದ್ದ ಕಾಲದಲ್ಲಿ ಈ ಉದಾರತೆ ಊರಿಗೆ ಭಾರವಾಗಿರಲಿಲ್ಲ, ಊರಿನ ಹಸುಗಳಿಗೆ ಅದರಿಂದ ಉಪಯೋಗವೂ ಇತ್ತು. ಇಪ್ಪತ್ತು ಮೂವತ್ತು ದನಗಳ ಹಿಂಡು ಒಡೆಯನಿಲ್ಲದೆ ಬಂದರೆ ಏನು ಮಾಡಬೇಕೆಂಬುದು ಸ್ಮೃತಿಕಾರನಿಗೆ ಎದುರಾದ ಪ್ರಶ್ನೆಯೇ ಅಲ್ಲ.

ಈಗ ಚಾಲ್ತಿಯಲ್ಲಿರುವ ಕಾನೂನಿಗೆ ಬರಬಹುದು. ಬ್ರಿಟಿಷ್ ಭಾರತದ 1871ರ ಮೊದಲನೆಯ ಕಾಯ್ದೆಯೇ ಜಾನುವಾರು ಅತಿಕ್ರಮ ಕಾಯ್ದೆ. ಏಕೀಕರಣದ ನಂತರ 1966ರಲ್ಲಿ ಈ ರಾಜ್ಯವು ತನ್ನದೇ ಕಾಯ್ದೆಯನ್ನು ಮಾಡಿಕೊಂಡಿತಾದರೂ ಚೌಕಟ್ಟು ಹಳೆಯದೇ. ಆ ಚೌಕಟ್ಟಿನ ನಡುಗಂಬ ‘ದೊಡ್ಡಿ’. ಹಳೆಯ ಮೈಸೂರಿನ ಕಡೆ ದೊಡ್ಡಿ ಎಂದೂ ಉತ್ತರ ಕರ್ನಾಟಕದಲ್ಲಿ ಕೊಂಡವಾಡ ಎಂದೂ ಕರೆಯುವ ಇದು, ಬೆಳೆ ಮೇಯ್ದ ದನವನ್ನು ಕೂಡಿಹಾಕಲು ಊರಿಗೋ ಹೋಬಳಿಗೋ ಇದ್ದ ಸರ್ಕಾರಿ ಆವರಣ. 1871ರ ಕಾಯ್ದೆಯಂತೆ, ತನ್ನ ಜಮೀನಿಗೆ ನುಗ್ಗಿ ನಷ್ಟಮಾಡುತ್ತಿರುವ ದನವನ್ನು ಬೆಳೆಗಾರನು ತಾನೇ ಹಿಡಿಯಬಹುದು, 24 ಗಂಟೆಗಳೊಳಗೆ ಆ ಊರಿನ ದೊಡ್ಡಿಗೆ ತಲುಪಿಸಬೇಕು, ಹಿಡಿಯುವಾಗ ಯಾರಾದರೂ ಅಡ್ಡಬಂದರೆ ಪೊಲೀಸರು ಸಹಾಯಕ್ಕೆ ಬರಬೇಕು. ದೊಡ್ಡಿಯಿಂದ ಅಥವಾ ದಾರಿಯಲ್ಲಿ ದನವನ್ನು ಬಲವಂತದಿಂದ ಬಿಡಿಸಿಕೊಂಡು ಹೋದವನಿಗೆ ಆರು ತಿಂಗಳವರೆಗೆ ಸೆರೆಯಾಗಬಹುದು. ಒಡೆಯ ಬಂದರೆ ದಂಡವನ್ನೂ ಮೇವಿನ ಖರ್ಚನ್ನೂ ತೆತ್ತು ದನ ಬಿಡಿಸಿಕೊಳ್ಳುತ್ತಾನೆ. ಏಳು ದಿನ ಯಾರೂ ಬಾರದಿದ್ದರೆ ಪೊಲೀಸ್ ಠಾಣೆಗೆ ವರದಿ ಹೋಗುತ್ತದೆ, ನೋಟೀಸು ಅಂಟಿಸಿ ಊರಲ್ಲೂ ಸಂತೆಯಲ್ಲೂ ಡಂಗುರ ಸಾರುತ್ತಾರೆ, ಮತ್ತೆ ಏಳು ದಿನ ಕಾದು ಹರಾಜು ಹಾಕುತ್ತಾರೆ.

ಇಲ್ಲಿ ಒಂದು ಚಿಕ್ಕ ಸ್ವಾರಸ್ಯವನ್ನು ಗಮನಿಸಬಹುದು. 1871ರ ಮೂಲ ದರಪಟ್ಟಿಯಲ್ಲಿ ಎಮ್ಮೆಗೆ ಎಂಟಾಣೆ, ಹಸು ಎತ್ತುಗಳಿಗೆ ನಾಲ್ಕಾಣೆ, ಕುರಿ ಮೇಕೆಗೆ ಒಂದಾಣೆ, ಆನೆಗೆ ಎರಡು ರೂಪಾಯಿ ದಂಡ. ಎಮ್ಮೆಗೂ ಹಸುವಿಗೂ ನಡುವಿನ ಪ್ರಮಾಣ ಮಿತಾಕ್ಷರದ ಎಂಟಕ್ಕೆ ನಾಲ್ಕು ಎಂಬುದೇ. ಕಾಯ್ದೆ ಬರೆದವರು ಸ್ಮೃತಿ ನೋಡಿ ಬರೆದರೆಂದು ಇದರಿಂದ ಹೇಳಲಾಗದು. ಎಮ್ಮೆಯ ಬಾಯಿ ಹಸುವಿನ ಬಾಯಿಗಿಂತ ದೊಡ್ಡದು ಎಂಬ ರೈತನ ತಿಳಿವಳಿಕೆ ಎರಡೂ ಕಡೆ ಕೆಲಸ ಮಾಡಿರುವುದೇ ಹೆಚ್ಚು ಸಂಭವ.

ಈ ವ್ಯವಸ್ಥೆಯ ಒಳಗುಟ್ಟನ್ನು ಅರಿಯಬೇಕು. ದೊಡ್ಡಿ ಕೆಲಸ ಮಾಡುತ್ತಿದ್ದುದು ಗಿರವಿ ಅಂಗಡಿಯಂತೆ. ಗಿರವಿ ಇಟ್ಟ ಒಡವೆಯನ್ನು ಬಿಡಿಸಿಕೊಳ್ಳಲು ಜನ ಬರುವುದು ಒಡವೆಯ ಬೆಲೆ ಸಾಲಕ್ಕಿಂತ ಹೆಚ್ಚಿರುವುದರಿಂದ. ದನವನ್ನು ಬಿಡಿಸಿಕೊಳ್ಳಲು ಒಡೆಯ ಓಡಿಬರುತ್ತಿದ್ದುದೂ ದನದ ಬೆಲೆ ದಂಡಕ್ಕಿಂತ ಎಷ್ಟೋ ಪಾಲು ಹೆಚ್ಚಿದ್ದುದರಿಂದ. ಆತ ಬಾರದಿದ್ದರೂ ಹರಾಜಿನಲ್ಲಿ ಕೂಗುವವರಿದ್ದರು, ಖರ್ಚು ಹೊರಡುತ್ತಿತ್ತು. ಇಂದು ಬಿಟ್ಟುಹೋದ ದನಕ್ಕೆ ಒಡೆಯ ಬರುವುದಿಲ್ಲ, ಬರಬಾರದೆಂದೇ ಅವನು ಬಿಟ್ಟಿದ್ದಾನೆ. ಹರಾಜಿಗೆ ಕೂಗುವವರೂ ಇಲ್ಲ. ಹೀಗೆ ದಂಡವನ್ನು ಎಷ್ಟೇ ಏರಿಸಿದರೂ ಅದು ದನವನ್ನು ಬಿಟ್ಟವನನ್ನು ಮುಟ್ಟುವುದಿಲ್ಲ. ಬದಲಿಗೆ ಕೆಲವೊಮ್ಮೆ, ಕಟ್ಟಬೇಕಾದ ದಂಡ ದನದ ಬೆಲೆಯನ್ನು ಮೀರಿದಾಗ, ಅಡ್ಡಾಡಲು ಬಿಟ್ಟಿದ್ದ ದನವನ್ನೂ ಒಡೆಯ ಅಲ್ಲಿಯೇ ಬಿಟ್ಟುಬಿಡುವಂತೆ ಮಾಡುತ್ತದೆ. ದಂಡ ಹೆಚ್ಚಿಸಬೇಕೆಂದು ಪ್ರತಿ ಸಭೆಯಲ್ಲೂ ಕೇಳಿಬರುವ ಸಲಹೆಯ ದೌರ್ಬಲ್ಯ ಇದೇ.

ಬೇರೆ ಕಾಯ್ದೆಗಳು ಸಹಾಯಕ್ಕೆ ಬರುತ್ತವೆಯೇ? ಬರುತ್ತವೆ, ಸ್ವಲ್ಪ ಮಾತ್ರ. ಹಸಿವು ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ಬಿಟ್ಟುಹೋಗುವುದು ಪ್ರಾಣಿಹಿಂಸೆ ತಡೆ ಕಾಯ್ದೆ, 1960ರ ಪ್ರಕಾರ ಅಪರಾಧ. ಆದರೆ ಮೊದಲ ಅಪರಾಧಕ್ಕೆ ಅದು ವಿಧಿಸುವ ದಂಡ 10 ರೂಪಾಯಿಯಿಂದ 50 ರೂಪಾಯಿ. ದನವನ್ನು ಬೀದಿಗೆ ಬಿಟ್ಟದ್ದಕ್ಕೆ ತೆರುವ ದಂಡ ಅದರ ಒಂದು ದಿನದ ಮೇವಿನ ಖರ್ಚನ್ನು ದಾಟದು. ಇನ್ನು 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯು ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಪಾಯವಾಗದಂತೆ ಎಚ್ಚರ ವಹಿಸದವನಿಗೆ ಆರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ ವಿಧಿಸುತ್ತದೆ. ಅಲ್ಲಿಯೂ ‘ವಶದಲ್ಲಿರುವ’ ಎಂಬ ಮಾತಿದೆ, ಬಿಟ್ಟುಹೋದವನನ್ನು ಮೊದಲು ಪತ್ತೆಮಾಡಬೇಕು. ಬೆಳೆನಷ್ಟಕ್ಕೆ ದನದ ಒಡೆಯನ ಮೇಲೆ ಸಿವಿಲ್ ದಾವೆ ಹೂಡುವ ಹಕ್ಕನ್ನು 1871ರ ಕಾಯ್ದೆಯೇ ಉಳಿಸಿಕೊಟ್ಟಿದೆ. ಆದರೆ ಒಡೆಯ ಯಾರೆಂದು ತಿಳಿಯದೆ ದಾವೆ ಯಾರ ಮೇಲೆ? ಆನೆ, ಕಾಡುಹಂದಿ ಹಾಳುಮಾಡಿದ ಬೆಳೆಗೆ ಅರಣ್ಯ ಇಲಾಖೆಯಿಂದ ಅಷ್ಟಿಷ್ಟು ಪರಿಹಾರ ದೊರೆಯುತ್ತದೆ; ನಾಡಿನ ದನ ಹಾಳುಮಾಡಿದ ಬೆಳೆಯ ರೈತ ಬರಿಗೈಯಲ್ಲಿ ನಿಲ್ಲುತ್ತಾನೆ.

ಇದುವರೆಗಿನ ಮಾತಿನ ತಿರುಳು ಇಷ್ಟು. ಮಿತಾಕ್ಷರದಿಂದ ಇಂದಿನವರೆಗೆ ಕಾನೂನು ಒಡೆಯನನ್ನು ನಂಬಿಕೊಂಡು ನಿಂತಿದೆ. ಒಡೆಯ ಮರೆಯಾದರೆ ಕಾನೂನಿನ ಕೈ ಗಾಳಿಯನ್ನು ಹಿಡಿಯುತ್ತದೆ. ಹಾಗಾದರೆ ಹೊಲದಲ್ಲಿ ಅಪರಿಚಿತ ದನವನ್ನು ಕಂಡ ರೈತನು ಮಾಡಬೇಕಾದದ್ದೇನು ಎಂಬುದನ್ನು ಈಗ ವಿವರವಾಗಿ ನೋಡಬೇಕು, ಏಕೆಂದರೆ ಕೇಳುಗರಲ್ಲಿ ಹಲವರಿಗೆ ಇದೇ ತುರ್ತಿನ ಪ್ರಶ್ನೆ.

ದನವನ್ನು ಕಂಡೊಡನೆ ಓಡಿಸುವುದು ಸಹಜ. ಆದರೆ ಅದು ನೆರೆಯವನ ಹೊಲಕ್ಕೆ ಹೋಗುತ್ತದೆ, ನೆರೆಯವನು ಅದನ್ನು ಹಿಂದಕ್ಕಟ್ಟುತ್ತಾನೆ, ಎರಡು ಊರುಗಳು ಎಲ್ಲೆಯಲ್ಲಿ ದೊಣ್ಣೆ ಹಿಡಿದು ನಿಲ್ಲುತ್ತವೆ. ಹೀಗೆ ದನಕ್ಕಾಗಿ ಮನುಷ್ಯರು ಆಸ್ಪತ್ರೆ ಸೇರುವುದರ ಬದಲು, ಅದನ್ನು ಹಿಡಿದು ಕಟ್ಟುವುದು ಮತ್ತು ಕಟ್ಟಿದ ಗಳಿಗೆಯಿಂದ ದಾಖಲೆ ಇಡುವುದು ಮೇಲು. ಊರಿನ ಇಬ್ಬರು ಸಾಕ್ಷಿಗಳಿರಲಿ. ಫೋಟೋ ತೆಗೆದುಕೊಳ್ಳಬೇಕು. ದನದ ಬಣ್ಣ, ಕೊಂಬು, ಸುಳಿ, ಬರೆಯ ಗುರುತು ಇವನ್ನೆಲ್ಲ ಬರೆದಿಡಬೇಕು. ಸುಳಿ ನೋಡಿ ದನ ಗುರುತಿಸುವ ಹಿರಿಯರು ಹಳ್ಳಿಗಳಲ್ಲಿ ಇನ್ನೂ ಇದ್ದಾರೆ, ಅವರ ಕಣ್ಣು ಯಾವ ದಾಖಲೆಗೂ ಕಡಿಮೆಯಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಕಿವಿಯನ್ನು ನೋಡಬೇಕು. ಕಾಲುಬಾಯಿ ಜ್ವರದ ಲಸಿಕೆಯ ರಾಷ್ಟ್ರೀಯ ಕಾರ್ಯಕ್ರಮ 2019ರಲ್ಲಿ ಆರಂಭವಾದಂದಿನಿಂದ ದನಗಳ ಕಿವಿಗೆ ಹಳದಿ ಬಣ್ಣದ ಓಲೆಯನ್ನು ಹಾಕುತ್ತಾರೆ. ಅದರ ಮೇಲಿನ 12 ಅಂಕಿಗಳ ಸಂಖ್ಯೆಯೊಂದಿಗೆ ಒಡೆಯನ ಹೆಸರು, ಊರು ಇಲಾಖೆಯ ಕಂಪ್ಯೂಟರಿನಲ್ಲಿ ಸೇರಿರುತ್ತವೆ. ಓಲೆ ಇದ್ದರೆ ಹತ್ತಿರದ ಪಶು ಆಸ್ಪತ್ರೆಯವರು ಅದನ್ನು ಪರಿಶೀಲಿಸಬಲ್ಲರು. ಓಲೆಯನ್ನು ಕಿತ್ತೇ ಬಿಟ್ಟುಹೋಗುವವರೂ ಇದ್ದಾರೆ. ಹರಿದ ಕಿವಿಯೂ ಒಂದು ಸಾಕ್ಷಿಯೇ, ಅದನ್ನೂ ಬರೆದಿಡಬೇಕು.

ಆಮೇಲೆ ಅದೇ ದಿನ ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಗೂ ಪೊಲೀಸ್ ಠಾಣೆಗೂ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಬೇಕು. ಬಾಯಿಮಾತಿನ ದೂರಿಗೆ ಬೆಲೆಯಿಲ್ಲ. ಬೆಳೆ ಹಾಳಾಗಿದ್ದರೆ ಗ್ರಾಮ ಆಡಳಿತಾಧಿಕಾರಿಯಿಂದ ಮಹಜರು, ಎಂದರೆ ಸ್ಥಳ ನೋಡಿ ಬರೆದ ವರದಿ, ಮಾಡಿಸಿಕೊಳ್ಳುವುದು ಮುಂದೆ ಒಡೆಯ ಸಿಕ್ಕಾಗ ಬಹಳ ಉಪಯೋಗಕ್ಕೆ ಬರುತ್ತದೆ. ಇಪ್ಪತ್ತನಾಲ್ಕು ಗಂಟೆಯ ಗಡುವನ್ನು ಮರೆಯಬಾರದು: ದೊಡ್ಡಿ ಇಲ್ಲದಿದ್ದರೂ ಆ ಅವಧಿಯೊಳಗೆ ಅಧಿಕಾರಿಗಳಿಗೆ ತಿಳಿಸಿದ್ದರೆ ರೈತನು ದನವನ್ನು ಅಕ್ರಮವಾಗಿ ಕೂಡಿಹಾಕಿಕೊಂಡನೆಂಬ ಆಪಾದನೆಗೆ ಉತ್ತರವಿರುತ್ತದೆ.

ಕಟ್ಟಿದ ದನಕ್ಕೆ ಮೇವು ನೀರು ಕೊಡುವುದು ಕಟ್ಟಿದವನ ಕರ್ತವ್ಯ. ಮನೆಯ ದನಗಳ ಜೊತೆಗೆ ಮಾತ್ರ ಕಟ್ಟಬಾರದು. ಎಲ್ಲಿಂದ ಬಂತೆಂದು ತಿಳಿಯದ ದನದಲ್ಲಿ ಕಾಲುಬಾಯಿ ಜ್ವರವಿರಬಹುದು, 2022ರಲ್ಲಿ ರಾಜ್ಯದ ರೈತರನ್ನು ಕಂಗೆಡಿಸಿದ ಚರ್ಮಗಂಟು ರೋಗವಿರಬಹುದು, ಕಂದು ಹಾಕಿಸುವ, ಮನುಷ್ಯರಿಗೂ ಅಂಟುವ ಬ್ರೂಸೆಲ್ಲಾ ಇರಬಹುದು. ದೂರದಲ್ಲಿ ಕಟ್ಟಿ, ಬೇರೆ ಬಾನಿಯಲ್ಲಿ ನೀರಿಟ್ಟು, 1962 ಸಂಖ್ಯೆಗೆ ಕರೆಮಾಡಿದರೆ ಸಂಚಾರಿ ಪಶುವೈದ್ಯ ಘಟಕದ ನೆರವು ಸಿಗುತ್ತದೆ. ದನ ಸಾಧುವಾಗಿದೆಯೆಂದು ನೊಗ ಹೂಡುವುದಾಗಲಿ, ಕರೆಯುವ ಹಸುವೆಂದು ಉಳಿಸಿಕೊಳ್ಳುವುದಾಗಲಿ, ಮಾರುವುದಾಗಲಿ ಕೂಡದು. ಬೇರೆಯವರ ಸ್ವತ್ತನ್ನು ಅಪ್ರಾಮಾಣಿಕವಾಗಿ ಬಳಸಿಕೊಂಡ ಅಪರಾಧಕ್ಕೆ ಅದು ಎಡೆಕೊಡುತ್ತದೆ. ಗೋಶಾಲೆಗೆ ಸಾಗಿಸುವುದಾದರೆ ಪಶುವೈದ್ಯರ ಪ್ರಮಾಣಪತ್ರವೂ ಪಂಚಾಯಿತಿಯ ಪತ್ರವೂ ಗಾಡಿಯಲ್ಲಿ ಇರಲೇಬೇಕು. ಅವಿಲ್ಲದೆ ಹೊರಟ ಒಳ್ಳೆಯ ಮನಸ್ಸಿನ ರೈತ ದಾರಿಯಲ್ಲಿ ಕಳ್ಳಸಾಗಣೆಯ ಸಂಶಯಕ್ಕೆ ಸಿಕ್ಕಿಕೊಂಡರೆ ಅವನ ಮಾತನ್ನು ಆ ಗಳಿಗೆಯಲ್ಲಿ ಯಾರೂ ಕೇಳುವುದಿಲ್ಲ.

ಮಾಡಬಾರದ ಇನ್ನೆರಡು ಕೆಲಸಗಳನ್ನು ಒತ್ತಿ ಹೇಳಬೇಕು. ವಿಷವಿಡುವುದು, ಕಾಲು ಕಡಿಯುವುದು ಇವಕ್ಕೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಐದು ವರ್ಷದವರೆಗೆ ಸೆರೆಯಿದೆ. ಬೇಲಿಯ ತಂತಿಗೆ ಮನೆಯ ಕರೆಂಟು ಕೊಡುವುದು ದನವನ್ನಷ್ಟೇ ಅಲ್ಲ, ಹೊಲಕ್ಕೆ ಬಂದ ಕೂಲಿಯವರನ್ನೂ ಕೊಲ್ಲುತ್ತದೆ. ಐಬೆಕ್ಸ್ ಎಂದು ಜನ ಕರೆಯುವ ಸೌರಬೇಲಿಯಲ್ಲಿ ವಿದ್ಯುತ್ತು ಕ್ಷಣಕಾಲ ಮಾತ್ರ ಹರಿದು ಬೆದರಿಸುತ್ತದೆ, ಅದು ಬೇರೆ ಮಾತು.

ರೈತನ ಪಾಲಿನ ಕೆಲಸ ಇಷ್ಟಾಯಿತು: ಹಿಡಿಯುವುದು, ದಾಖಲಿಸುವುದು, ತಿಳಿಸುವುದು, ಕಾಪಾಡುವುದು. ಇದಕ್ಕಿಂತ ಹೆಚ್ಚನ್ನು ಅವನಿಂದ ಕೇಳುವುದು ಅನ್ಯಾಯ. ಉಳಿದದ್ದು ಸಾರ್ವಜನಿಕ ಹೊಣೆ, ಮತ್ತು ಆ ಹೊಣೆಯನ್ನು ಹೇಗೆ ಹೊರಬೇಕು, ಹೇಗೆ ಹೊರಬಾರದು ಎಂಬುದಕ್ಕೆ ಎರಡು ನಾಡುಗಳ ಅನುಭವವಿದೆ.

ಒಂದು ಉತ್ತರಪ್ರದೇಶ. ಅಲ್ಲಿನ ಬುಂದೇಲಖಂಡದಲ್ಲಿ ‘ಅನ್ನಾ ಪ್ರಥಾ’ ಎಂಬ ಹಳೆಯ ರೂಢಿಯಿದೆ. ಹಿಂಗಾರಿನ ಕೊಯ್ಲು ಮುಗಿದ ಮೇಲೆ, ಹೊಲಗಳು ಬರಿದಾಗಿರುವ ಬೇಸಿಗೆಯಲ್ಲಿ, ಊರಿನ ದನಗಳನ್ನೆಲ್ಲ ಬಿಟ್ಟು ಮೇಯಿಸಿ, ಮಳೆ ಬಿದ್ದೊಡನೆ ಮರಳಿ ಕಟ್ಟುತ್ತಿದ್ದರು. ಕಾಲಕ್ರಮದಲ್ಲಿ ಬಿಡುವುದು ಉಳಿಯಿತು, ಕಟ್ಟುವುದು ಹೋಯಿತು. 2018ರ ಕೊನೆಯ ಚಳಿಗಾಲದಲ್ಲಿ ಗೋಧಿ ಬೆಳೆ ಉಳಿಸಿಕೊಳ್ಳಲು ಪಶ್ಚಿಮದ ಅಲೀಗಢ ಮೊದಲಾದ ಜಿಲ್ಲೆಗಳ ರೈತರು ಬಿಡಾಡಿ ದನಗಳನ್ನು ಸರ್ಕಾರಿ ಶಾಲೆಗಳೊಳಗೆ ಕೂಡಿಹಾಕಿದರು. ಸರ್ಕಾರ 2019ರ ಆರಂಭದಲ್ಲಿ ತಾತ್ಕಾಲಿಕ ಆಶ್ರಯತಾಣಗಳನ್ನೂ, ಅವುಗಳಿಗಾಗಿ ಒಂದು ಉಪಕರವನ್ನೂ ತಂದಿತು. ಈ ಪ್ರಯತ್ನದಿಂದ ಲಕ್ಷಗಟ್ಟಲೆ ದನಗಳಿಗೆ ನೆಲೆ ಸಿಕ್ಕಿತೆಂಬುದು ನಿಜ. ಆದರೆ ದನ ಬಿಟ್ಟವನನ್ನು ಕೇಳುವವರಿಲ್ಲದೆ ಆಶ್ರಯತಾಣದ ಬಾಗಿಲನ್ನು ಮಾತ್ರ ತೆರೆದರೆ, ಬಿಡುವುದು ಇನ್ನಷ್ಟು ಸುಲಭವಾಗುತ್ತದೆ. ಸಾರ್ವಜನಿಕ ಹಣವು ಸಾಕುವವನಿಗಲ್ಲ, ಬಿಟ್ಟವನಿಗೆ ಸಹಾಯಧನವಾಗುತ್ತದೆ. ಗೋಶಾಲೆಯೊಂದೇ ಪರಿಹಾರವೆಂದು ನಂಬಿದವರು ಈ ಮಾತನ್ನು ಎಣಿಕೆಗೆ ತಂದುಕೊಂಡಂತೆ ಕಾಣುವುದಿಲ್ಲ.

ಇನ್ನೊಂದು ಬ್ರಿಟನ್ನು, ಅಂದರೆ ಭಾರತಕ್ಕೆ ದೊಡ್ಡಿಯ ಕಾಯ್ದೆಯನ್ನು ಕೊಟ್ಟ ನಾಡು. ಅಲ್ಲಿ ಬೆಲೆ ಕಳೆದುಕೊಂಡದ್ದು ಕುದುರೆ. ಅಗ್ಗವಾದ ಕುದುರೆಗಳನ್ನು ಬೇರೆಯವರ ಹುಲ್ಲುಗಾವಲಿನಲ್ಲಿ ಕೇಳದೆ ಬಿಟ್ಟು ಮೇಯಿಸುವ, ಬೇಡವಾದರೆ ಅಲ್ಲಿಯೇ ತೊರೆದುಹೋಗುವ ಪಿಡುಗು ಹೆಚ್ಚಿದಾಗ ವೇಲ್ಸ್ 2014ರಲ್ಲೂ ಇಂಗ್ಲೆಂಡ್ 2015ರಲ್ಲೂ ಹೊಸ ಕಾಯ್ದೆ ಮಾಡಿದವು. ಇಂಗ್ಲೆಂಡಿನಲ್ಲಿ ಜಮೀನಿನವನು ಕುದುರೆಯನ್ನು ತಡೆದಿಟ್ಟು 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು. ಹಿಂದೆ 14 ದಿನವಿದ್ದ ಕಾಯುವ ಅವಧಿಯನ್ನು ರಜೆಗಳನ್ನು ಬಿಟ್ಟು ನಾಲ್ಕು ದಿನಕ್ಕೆ ಇಳಿಸಿದರು. ಅಷ್ಟರಲ್ಲಿ ಒಡೆಯ ಬಾರದಿದ್ದರೆ ಕುದುರೆ ಹಿಡಿದವನ ಸ್ವತ್ತಾಗುತ್ತದೆ. ಅವನು ಅದನ್ನು ಮಾರಬಹುದು, ಸೇವಾಸಂಸ್ಥೆಗೆ ಕೊಡಬಹುದು, ನೋವಿಲ್ಲದೆ ಕೊಲ್ಲಿಸಲೂಬಹುದು. ಜೊತೆಗೆ ಪ್ರತಿ ಕುದುರೆಯ ಚರ್ಮದಡಿ ಗುರುತಿನ ಮೈಕ್ರೋಚಿಪ್ ಕಡ್ಡಾಯವಾಯಿತು. ಇದರಲ್ಲಿ ಕೊಲ್ಲಿಸುವ ಮಾತು ಭಾರತದ ದನಕ್ಕೆ ಒಪ್ಪದು, ಒಪ್ಪಬೇಕಾಗಿಯೂ ಇಲ್ಲ. ಆದರೆ ಕಾಯುವ ಅವಧಿಯನ್ನು ಕಡಿಮೆಮಾಡುವುದು, ಒಡೆತನ ಯಾವ ಗಳಿಗೆಯಲ್ಲಿ ಯಾರಿಗೆ ವರ್ಗವಾಗುತ್ತದೆಂದು ಕಾನೂನು ಸ್ಪಷ್ಟವಾಗಿ ಹೇಳುವುದು, ಗುರುತನ್ನು ಒಡೆಯನಿಗೆ ಬಿಗಿಯುವುದು, ಈ ಮೂರನ್ನು ತೆಗೆದುಕೊಳ್ಳಲು ಅಡ್ಡಿಯಿಲ್ಲ.

ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯಪಟ್ಟಿಯಲ್ಲಿ ದೊಡ್ಡಿಗಳೂ ದನಗಳ ಅತಿಕ್ರಮದ ತಡೆಯೂ 16ನೆಯ ಬಾಬತ್ತಾಗಿವೆ; ಪಟ್ಟಣಗಳ ಮಟ್ಟಿಗೆ ದೊಡ್ಡಿ ನಗರಸಭೆಯ ಕೆಲಸವೆಂದು ಹನ್ನೆರಡನೆಯ ಅನುಸೂಚಿ ಹೇಳುತ್ತದೆ. ಹೀಗಾಗಿ ಕಾನೂನನ್ನು ತಿದ್ದಲು ರಾಜ್ಯ ವಿಧಾನಮಂಡಲವೇ ಸಾಕು, ದಿಲ್ಲಿಯ ಕಡೆ ನೋಡಬೇಕಾಗಿಲ್ಲ. ಬೇಕಾದದ್ದು ಎರಡೇ. ದೊಡ್ಡಿಯನ್ನು ದಂಡ ವಸೂಲಿಯ ಕೋಣೆಯಾಗಿ ಅಲ್ಲ, ದನವನ್ನು ರೈತನ ಕೈಯಿಂದ ಒಂದೇ ದಿನದಲ್ಲಿ ತೆಗೆದುಕೊಳ್ಳುವ, ಗುರುತು ಪರಿಶೀಲಿಸುವ, ಆಮೇಲೆ ಗೋಶಾಲೆಗೆ ಕಳುಹಿಸುವ ತಂಗುದಾಣವಾಗಿ ಪ್ರತಿ ಹೋಬಳಿಯಲ್ಲೂ ಮತ್ತೆ ತೆರೆಯಬೇಕು. ಮತ್ತು ಕಿವಿಯ ಓಲೆಯ ದಾಖಲೆ ಲಸಿಕೆಯ ಲೆಕ್ಕಕ್ಕಷ್ಟೇ ಸೀಮಿತವಾಗದೆ, ದನ ಕೈಬದಲಾದಾಗಲೆಲ್ಲ ಮಾರಿದವನೇ ಅದನ್ನು ಬದಲಾಯಿಸಬೇಕು. ಬದಲಾಯಿಸದಿದ್ದರೆ ದಾಖಲೆಯಲ್ಲಿ ಹೆಸರಿರುವವನೇ ಒಡೆಯನೆಂದು ಹಿಡಿದು ಮೇವಿನ ವೆಚ್ಚವನ್ನು ಅವನಿಂದ ವಸೂಲು ಮಾಡಬೇಕು. ನಿಜವಾಗಿಯೂ ಸಾಕಲಾರದ ಬಡ ರೈತ ತಾನಾಗಿ ಬಂದು ದನವನ್ನು ದೊಡ್ಡಿಗೆ ಒಪ್ಪಿಸಿದರೆ ಅವನಿಗೆ ದಂಡವಿರಬಾರದು, ಅವಮಾನವೂ ಇರಬಾರದು. ಕತ್ತಲಲ್ಲಿ ಬಿಡುವುದಕ್ಕಿಂತ ಹಗಲಲ್ಲಿ ಒಪ್ಪಿಸುವುದು ಅಗ್ಗವಾದ ದಿನವೇ ಬಿಡುವುದು ನಿಲ್ಲುತ್ತದೆ.

ಕೇಳುಗರೇ, ಹಳೆಯ ದೊಡ್ಡಿಯ ಜಾಗವನ್ನು ಕಂದಾಯ ದಾಖಲೆಯಲ್ಲಿ ಹುಡುಕಿದರೆ ಹಲವು ಊರುಗಳಲ್ಲಿ ಇನ್ನೂ ಸಿಕ್ಕೀತು. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕೆಂಬ ನಿಯಮವಿದೆ. ಮುಂದಿನ ಸಭೆಯಲ್ಲಿ ಆ ಜಾಗ ಎಲ್ಲಿದೆ, ಈಗ ಯಾರ ವಶದಲ್ಲಿದೆ, ಅದನ್ನು ಯಾವಾಗ ತೆರೆಯುತ್ತೀರಿ ಎಂದು ಪ್ರತಿ ಊರಿನ ಬೆಳೆಗಾರರೂ ಹೈನುಗಾರರೂ ಒಟ್ಟಿಗೆ ಎದ್ದುನಿಂತು ಕೇಳಲಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿಕೊಳ್ಳಲಿ.